ಮನೆಯಂಗಳದ ಪಾಪಾಸುಕಳ್ಳಿ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಅನ್ವಯಿಸಿ ಒಂದು ವಿವೇಚನೆ

ಮಂಡ್ಯ, ಮದ್ದೂರು, ಮಳವಳ್ಳಿ ಎಂದೊಡನೆ ವಾಚಕರ ಕಣ್ಣೆದುರಿಗೆ ಬರುವುದು ನಾಲೆ, ಬತ್ತದ ಗದ್ದೆ, ಕಬ್ಬಿನ ಗಾಡಿ. ಇಂಥ ಸೀಮೆಯನ್ನು ಮುಂದಿಟ್ಟುಕೊಂಡು ಪಾಪಾಸುಕಳ್ಳಿಯಂಥ ಒಣನೆಲದ ಸಸ್ಯವನ್ನು ಕುರಿತು ಬರೆಯಹೊರಡುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ಆದರೆ ಹಿಂದೆ ಇರ್ವಿನ್ ನಾಲೆಯೆಂದು ಹೆಸರಾಗಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಹುಲಿಕೆರೆಯ ಸುರಂಗವನ್ನು ದಾಟಿ ಈ ಕಡೆಗೆ ಹರಿದದ್ದು 1930ರ ದಶಕದ ಆರಂಭದಲ್ಲಿ. ಅದಕ್ಕೆ ಮುಂಚೆ, ಕೆರೆಗಳ ಅಚ್ಚುಕಟ್ಟನ್ನು ಬಿಟ್ಟರೆ, ಇದು ಬಹುಮಟ್ಟಿಗೆ ರಾಗಿ, ಹುರುಳಿ, ಅವರೆಗಳ ಬೆದ್ದಲು ಸೀಮೆಯೇ ಆಗಿತ್ತು; ನಾಲೆಯ ನೀರು ಏರಲಾರದ ದಿಣ್ಣೆಗಳಲ್ಲಿ ಇಂದಿಗೂ ಹಾಗೆಯೇ ಇದೆ. ಒಂದೇ ತಾಲ್ಲೂಕಿನೊಳಗೆ ಸದಾ ತೇವದ ನೆಲವೂ ಸದಾ ಬಾಯಾರಿದ ನೆಲವೂ ಅಕ್ಕಪಕ್ಕದಲ್ಲಿರುವ ಈ ಪ್ರದೇಶದಲ್ಲಿ ಪಾಪಾಸುಕಳ್ಳಿಯ ಸ್ವಭಾವವು ಎಷ್ಟು ಸ್ಪಷ್ಟವಾಗಿ ತಿಳಿಯುವುದೋ ಅಷ್ಟು ಸ್ಪಷ್ಟವಾಗಿ ಬೇರೆಡೆ ತಿಳಿಯಲಾರದು.

ಈಚಿನ ವರ್ಷಗಳಲ್ಲಿ ಈ ಗಿಡವು ಪಟ್ಟಣಗಳ ಮನೆಗಳಲ್ಲಿ ಕುಂಡವನ್ನೇರಿ ಕುಳಿತಿದೆ. ಅದನ್ನು ಬೆಳೆಸುವ ವಿಧಾನವನ್ನು ತಿಳಿಸುವ ಗ್ರಂಥಗಳಿಗೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಹಿಮ ಬೀಳುವ ದೇಶಗಳವರು ತಮ್ಮ ಅನುಭವದಿಂದ ಬರೆದವು. ಚಳಿಗಾಲದಲ್ಲಿ ಗಿಡವನ್ನು ಒಳಗಿಡಿ, ದಕ್ಷಿಣದ ಕಿಟಕಿಯ ಬಳಿ ಇಡಿ, ಬೇಸಗೆಯಲ್ಲಿ ಧಾರಾಳವಾಗಿ ನೀರೆರೆಯಿರಿ ಎಂಬ ಅವರ ಉಪದೇಶವು ಅವರ ನಾಡಿಗೆ ಸರಿಯಾದುದೇ. ಮಂಜುಗಡ್ಡೆಯನ್ನೇ ಕಾಣದ, ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ ಬೀಳುವ, ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಸುರಿಯುವ ನಮ್ಮ ಸೀಮೆಯಲ್ಲಿ ಅದನ್ನು ಅಕ್ಷರಶಃ ಅನುಸರಿಸಿದರೆ ಗಿಡವು ಕೊಳೆಯುವುದು. ನಮ್ಮಲ್ಲಿ ಈ ಗಿಡಕ್ಕೆ ಶತ್ರು ಚಳಿಯಲ್ಲ, ನೀರು. ಇನ್ನೊಂದು ಸಂಗತಿಯನ್ನು ಆ ಗ್ರಂಥಗಳು ಹೇಳುವುದೇ ಇಲ್ಲ: ಕುಂಡದಿಂದ ತಪ್ಪಿಸಿಕೊಂಡ ಪಾಪಾಸುಕಳ್ಳಿ ನಮ್ಮ ನಾಡಿನಲ್ಲಿ ಏನು ಮಾಡಬಲ್ಲುದು ಎಂಬುದು. ಈ ಎರಡನ್ನೂ ಒಟ್ಟಿಗೆ ನೋಡದೆ ಅದರ ಪೋಷಣೆಯನ್ನು ಕುರಿತು ಮಾತನಾಡುವುದು ಅರ್ಧ ಮಾತಾಗುತ್ತದೆ.

ಮೊದಲು ಹೆಸರನ್ನು ಕುರಿತು ನಾಲ್ಕು ಮಾತು. 'ಪಾಪಾಸು' ಅಥವಾ 'ಪಾಪೋಸು' ಎಂದರೆ ಪಾದರಕ್ಷೆ; ಪಾರಸಿಯಿಂದ ಹಿಂದೂಸ್ತಾನಿಯ ಮೂಲಕ ನಮ್ಮ ಭಾಷೆಗೆ ಬಂದ ಶಬ್ದ. ಗಿಡದ ಚಪ್ಪಟೆಯಾದ ಭಾಗವು ಜೋಡಿನ ಅಟ್ಟೆಯಂತೆ ಕಾಣುವುದರಿಂದ ಜನರು ಅದನ್ನು ಪಾಪಾಸುಕಳ್ಳಿಯೆಂದು ಕರೆದರು. 'ಡಬ್ಬುಗಳ್ಳಿ' ಎಂಬ ಹೆಸರೂ ಉಂಟು. ತೆಲುಗರು ಅದರಲ್ಲಿ ಹಾವಿನ ಹೆಡೆಯನ್ನು ಕಂಡು 'ನಾಗಜೆಮುಡು' ಎಂದರು. ಹಿಂದಿಯವರ 'ನಾಗಫಣಿ'ಯೂ ಅದೇ ಕಲ್ಪನೆ. ಇಷ್ಟು ಸಲೀಸಾಗಿ ದೇಶೀಯ ಹೆಸರುಗಳನ್ನು ಸಂಪಾದಿಸಿಕೊಂಡ ಈ ಸಸ್ಯವು ವಸ್ತುತಃ ನಮ್ಮ ದೇಶದ್ದಲ್ಲ. ಕಳ್ಳಿಯ ಈ ವಂಶವು ಅಮೆರಿಕ ಖಂಡಗಳದ್ದು. ಸಸ್ಯಶಾಸ್ತ್ರಜ್ಞರು ಇದಕ್ಕೆ ಒಪುನ್ಷಿಯ ಎಂದು ಹೆಸರಿಟ್ಟಿದ್ದಾರೆ. ಒಂದು ಪ್ರಭೇದದ ಹೆಸರು ಫೈಕಸ್-ಇಂಡಿಕ, ಅಂದರೆ 'ಇಂಡಿಯದ ಅತ್ತಿ', ಎಂದಿರುವುದನ್ನು ಕಂಡು ಕೆಲವು ವಿದ್ಯಾರ್ಥಿಗಳು ಅದು ಭಾರತದ ಸಸ್ಯವೆಂದು ಭ್ರಮಿಸುವುದುಂಟು. ಅಲ್ಲಿಯ ಇಂಡಿಯವು ಕೊಲಂಬಸನು ಕಂಡ ಇಂಡಿಯವೇ ಹೊರತು ನಮ್ಮದಲ್ಲ.

ನಮ್ಮ ನಾಡಿನ ನಿಜವಾದ ಕಳ್ಳಿಗಳು ಬೇರೆ. ಎಲೆಗಳ್ಳಿ, ಕೊಂಬುಗಳ್ಳಿ, ಚದುರಗಳ್ಳಿ ಎಂದು ರೈತರು ಗುರುತಿಸುವ ಇವು ಯೂಫೋರ್ಬಿಯ ಜಾತಿಗೆ ಸೇರಿದವು. ಹೋಲಿಕೆ ಕೇವಲ ಹೊರನೋಟದ್ದು. ಸೂಜಿಯಿಂದ ಚುಚ್ಚಿದರೆ ಬಿಳಿಯ ಹಾಲು ಒಸರುವುದು ಯೂಫೋರ್ಬಿಯ. ನೀರಿನಂಥ ಲೋಳೆ ಮಾತ್ರ ಬಂದರೆ ಪಾಪಾಸುಕಳ್ಳಿ. ಕಳ್ಳಿಯ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯವಾದುದರಿಂದ ಈ ಭೇದವನ್ನು ಮನೆಯಲ್ಲಿ ಗಿಡ ಬೆಳೆಸುವವರು ಮೊದಲೇ ತಿಳಿದಿರತಕ್ಕದ್ದು. ಸಾಹಿತ್ಯದ ಅಧ್ಯಾಪಕರಿಗೂ ಇದರಿಂದ ಒಂದು ಪ್ರಯೋಜನವಿದೆ. ಹಳಗನ್ನಡ ಅಥವಾ ನಡುಗನ್ನಡದ ಕೃತಿಗಳಲ್ಲಿ ಕಳ್ಳಿಯ ಪ್ರಸ್ತಾಪ ಬಂದಾಗ ಇಂದಿನ ವಿದ್ಯಾರ್ಥಿಯು ಪಾಪಾಸುಕಳ್ಳಿಯನ್ನು ನೆನೆದುಕೊಳ್ಳುವುದು ಸಹಜ; ಆದರೆ 1492ಕ್ಕೆ ಹಿಂದಿನ ಯಾವ ಕವಿಯೂ ಅದನ್ನು ಕಂಡಿರುವುದು ಸಾಧ್ಯವಿಲ್ಲ. ಅಲ್ಲಿಯ ಕಳ್ಳಿಯು ಹಾಲಿನ ಕಳ್ಳಿಯೇ ಆಗಿರಬೇಕು.

ಹೊರಗಿನ ಈ ಗಿಡವು ನಮ್ಮಲ್ಲಿ ವ್ಯಾಪಿಸಿದ ಬಗೆಯು ಒಂದು ಕೀಟದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಕಿರಮಂಜಿ ಎಂಬ ಕೆಂಪು ಬಣ್ಣವನ್ನು ಕೊಡುವ ಡ್ಯಾಕ್ಟಿಲೋಪಿಯಸ್ ಕೀಟಗಳು ಪಾಪಾಸುಕಳ್ಳಿಯ ರಸವನ್ನು ಹೀರಿ ಬದುಕುವಂಥವು. ಮೆಕ್ಸಿಕೊ ಮೊದಲಾದ ತನ್ನ ವಸಾಹತುಗಳಿಂದ ಈ ಬಣ್ಣವನ್ನು ತರಿಸಿ ಮಾರಿ ಸ್ಪೇನ್ ದೇಶವು ಅಪಾರ ಲಾಭ ಪಡೆಯುತ್ತಿದ್ದುದನ್ನು ಕಂಡ ಈಸ್ಟ್ ಇಂಡಿಯಾ ಕಂಪೆನಿಯವರಿಗೆ ಅದನ್ನು ಭಾರತದಲ್ಲಿ ತಯಾರಿಸುವ ಆಸೆ ಹುಟ್ಟಿತು. ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಎಂಬಾತನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಸೈದಾಪೇಟೆಯಲ್ಲಿ ಇದಕ್ಕೆಂದೇ ಕಳ್ಳಿಯ ತೋಟವನ್ನು ಮಾಡಿದನು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತನು ಬ್ರೆಜಿಲಿನಿಂದ ಬಂಗಾಳಕ್ಕೆ ಕೀಟವನ್ನು ತಂದನು. ತಂದದ್ದು ಉತ್ತಮ ಬಣ್ಣ ಕೊಡುವ ಕೀಟವಲ್ಲ, ಅದರ ಬಡ ದಾಯಾದಿ. ಇಂದು ಅದನ್ನು ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್ ಎನ್ನುತ್ತಾರೆ. ಬಣ್ಣದ ಉದ್ಯಮವೇನೋ ಕೈಗೂಡಲಿಲ್ಲ; ಆದರೆ ಕೀಟವು ಒಪುನ್ಷಿಯ ಮೊನಕ್ಯಾಂತ ಎಂಬ ಪ್ರಭೇದದ ಕಳ್ಳಿಯನ್ನು ಕಂಡಕಂಡಲ್ಲಿ ತಿಂದುಹಾಕಿತು. ಇದರ ಉಪಯೋಗವನ್ನು ಅರಿತು 1836–38ರ ಸುಮಾರಿಗೆ ಅದನ್ನು ದಕ್ಷಿಣ ಭಾರತಕ್ಕೂ ಉದ್ದೇಶಪೂರ್ವಕವಾಗಿ ಒಯ್ಯಲಾಯಿತು. ಕೀಟದ ನೆರವಿನಿಂದ ಕಳೆಯನ್ನು ಅಡಗಿಸಿದ ಜಗತ್ತಿನ ಮೊದಲ ಉದಾಹರಣೆಯೆಂದು ವಿಜ್ಞಾನಿಗಳು ಇದನ್ನು ಗಣಿಸುತ್ತಾರೆ.

ಅಷ್ಟರಿಂದ ಕಥೆ ಮುಗಿಯಲಿಲ್ಲ. ಈ ಕೀಟವು ಒಪುನ್ಷಿಯ ಡಿಲ್ಲೆನಿಯೈ ಎಂಬ ಇನ್ನೊಂದು ಪ್ರಭೇದವನ್ನು ಮುಟ್ಟುತ್ತಿರಲಿಲ್ಲ. ಹಳದಿಯ ಹೂವು, ನೇರಿಳೆಬಣ್ಣದ ಹಣ್ಣು, ಉದ್ದವಾದ ಹಳದಿಯ ಮುಳ್ಳು ಇರುವ ಇದೇ ನಮ್ಮ ಸೀಮೆಯವರು ಸಾಮಾನ್ಯವಾಗಿ ಪಾಪಾಸುಕಳ್ಳಿಯೆಂದು ಬಲ್ಲ ಗಿಡ. ಬೇಲಿಗೆಂದು ನೆಟ್ಟದ್ದು ಬೇಲಿಯನ್ನು ದಾಟಿತು; ಗೋಮಾಳಗಳನ್ನೂ ಹಾಳುಬಿದ್ದ ಕೋಟೆಗಳನ್ನೂ ಊರ ಹೊರಗಿನ ದಾರಿಗಳನ್ನೂ ಆಕ್ರಮಿಸಿತು. ಕಡಿದರೆ ತುಂಡುತುಂಡೂ ಬೇರುಬಿಡುತ್ತಿತ್ತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಹೊಸ ಜಾಗಕ್ಕೆ ಒಯ್ಯುತ್ತಿದ್ದವು. ಕಡೆಗೆ 1926ರಲ್ಲಿ ಡ್ಯಾಕ್ಟಿಲೋಪಿಯಸ್ ಒಪುನ್ಷಿಯೆ ಎಂಬ ಬೇರೊಂದು ಕೀಟವನ್ನು ಸಿಂಹಳದಿಂದ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಐದಾರು ವರ್ಷಗಳೊಳಗಾಗಿ ದಟ್ಟವಾದ ಪೊದೆಗಳು ಕುಸಿದು ಒಣಗಿದವು. ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯದೊಡನೆ ಕೂಡಿಬರುವ ಹೆಸರು ಕುನ್ಹಿ ಕಣ್ಣನ್ ಅವರದು. ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೀಟಶಾಸ್ತ್ರಜ್ಞರ ಹುದ್ದೆಗೆ ಬಂದ ಮೊದಲ ಭಾರತೀಯರು ಇವರು, 1931ರಲ್ಲಿ ಕಾಲವಾದರು. ಕೃಷಿ ಇಲಾಖೆಯನ್ನು ಆಗ ನಡೆಸುತ್ತಿದ್ದವರು ಡಾಕ್ಟರ್ ಲೆಸ್ಲಿ ಕೋಲ್ಮನ್. ಮಂಡ್ಯದ ಕಬ್ಬಿನ ಹಾಗೂ ಸಕ್ಕರೆಯ ಚರಿತ್ರೆಯನ್ನು ಬಲ್ಲವರಿಗೆ ಪರಿಚಿತವಾದ ಹೆಸರು. ಮಂಡ್ಯದ ಕಡೆಗೆ ನಾಲೆಯ ನೀರು ಬಂದದ್ದೂ ಒಣನೆಲದಲ್ಲಿ ಪಾಪಾಸುಕಳ್ಳಿಯ ಪೊದೆಗಳು ಇಳಿದದ್ದೂ ಹೀಗೆ ಹೆಚ್ಚುಕಡಮೆ ಒಂದೇ ಕಾಲದಲ್ಲಿ.

ಇದೇ ವರ್ಷಗಳಲ್ಲಿ ಆಸ್ಟ್ರೇಲಿಯದಲ್ಲಿ ಸುಮಾರು 2 ಕೋಟಿ 40 ಲಕ್ಷ ಹೆಕ್ಟೇರು ನೆಲವನ್ನು ನುಂಗಿದ್ದ ಪಾಪಾಸುಕಳ್ಳಿಯನ್ನು ಅರ್ಜೆಂಟೀನದಿಂದ ತಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಹುಳುಗಳು ನಾಶಮಾಡಿದವು. ಆದರೆ ಇದರ ಮತ್ತೊಂದು ಮುಖವನ್ನೂ ನೋಡಬೇಕು. 1920ರ ದಶಕದಲ್ಲಿ ಮಡಗಾಸ್ಕರಿಗೂ ಇಂಥ ಕೀಟವನ್ನು ತರಲಾಯಿತು. ಅಲ್ಲಿಯ ದಕ್ಷಿಣದ ಒಣಸೀಮೆಯ ಪಶುಪಾಲಕರಿಗೆ ಪಾಪಾಸುಕಳ್ಳಿಯು ಕಳೆಯಾಗಿರಲಿಲ್ಲ. ದನಗಳಿಗೆ ಮೇವು, ಮನುಷ್ಯರಿಗೆ ಹಣ್ಣು, ಬರಗಾಲದಲ್ಲಿ ನೀರು, ಎಲ್ಲವೂ ಅದೇ ಆಗಿತ್ತು. ಕಳ್ಳಿ ಸತ್ತಿತು, ಅದರ ಹಿಂದೆಯೇ ಬಂದ ಬರದಲ್ಲಿ ದನಗಳೂ ಜನರೂ ಸತ್ತರು. ಒಂದೇ ಗಿಡ ಒಂದು ನಾಡಿಗೆ ಪೀಡೆ, ಮತ್ತೊಂದು ನಾಡಿಗೆ ಆಸರೆ. ಆದಕಾರಣ ಗಿಡವನ್ನು ಕೆಟ್ಟದ್ದೆಂದಾಗಲಿ ಒಳ್ಳೆಯದೆಂದಾಗಲಿ ನಾವು ಇಲ್ಲಿ ತೀರ್ಮಾನಿಸಹೊರಟಿಲ್ಲ. ಅದು ಬದುಕುವ ರೀತಿಯನ್ನು ಅರಿತರೆ ಅದನ್ನು ಸಾಕುವುದೂ ತಡೆಯುವುದೂ ತಾನಾಗಿಯೇ ತಿಳಿಯುತ್ತದೆ.

ನಾವು ಎಲೆಯೆಂದು ತಿಳಿಯುವ ಹಸುರು ಭಾಗವು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಶಾಸ್ತ್ರದಲ್ಲಿ ಇದಕ್ಕೆ ಪರ್ಣಕಾಂಡವೆಂದು ಹೆಸರು. ಅನುಕೂಲಕ್ಕಾಗಿ ಮುಂದೆ 'ಹಾಳೆ' ಎನ್ನುತ್ತೇವೆ. ನಿಜವಾದ ಎಲೆಗಳು ಎಳೆಯ ಹಾಳೆಯ ಮೇಲೆ ಸಣ್ಣ ಮೊನೆಗಳಂತೆ ಹುಟ್ಟಿ ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಅವು ಇದ್ದೆಡೆಯ ಸಣ್ಣ ಮೆತ್ತೆಯಂಥ ಗಂಟಿನಿಂದ ಮುಳ್ಳು, ಹೂವು, ಹೊಸ ಹಾಳೆ ಎಲ್ಲವೂ ಹೊರಡುತ್ತವೆ. ಮಣ್ಣು ತಾಗಿದರೆ ಬೇರೂ ಅಲ್ಲಿಂದಲೇ ಹೊರಡುತ್ತದೆ. ಒಂದು ಹಾಳೆಯ ಮೇಲೆ ಇಂಥ ಹತ್ತಾರು ಗಂಟುಗಳಿರುವುದರಿಂದ ಪ್ರತಿಯೊಂದು ಹಾಳೆಯೂ ಒಂದು ಗಿಡವಾಗಬಲ್ಲುದು.

ನೀರನ್ನು ಉಳಿಸುವ ಅದರ ಉಪಾಯವು ಇನ್ನೂ ಸ್ವಾರಸ್ಯವಾದುದು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲಾಮ್ಲ ವಾಯುವನ್ನು ಒಳಗೊಳ್ಳುತ್ತವೆ. ಬಿಸಿಲಿನಲ್ಲಿ ತೆರೆದ ಬಾಗಿಲಿನಿಂದ ನೀರು ಆವಿಯಾಗಿ ಹೋಗುವುದು ಅನಿವಾರ್ಯ. ಪಾಪಾಸುಕಳ್ಳಿಯು ಹಗಲೆಲ್ಲ ರಂಧ್ರಗಳನ್ನು ಮುಚ್ಚಿಕೊಂಡಿದ್ದು ರಾತ್ರಿ ತಂಪಾದಾಗ ತೆರೆಯುತ್ತದೆ. ಆಗ ಒಳಬಂದ ವಾಯುವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಸೂರ್ಯನ ಬೆಳಕಿನಲ್ಲಿ ಅದರಿಂದ ಸಕ್ಕರೆಯನ್ನು ತಯಾರಿಸುತ್ತದೆ. ಹೀಗಾಗಿ ಅದರ ರಸವು ಬೆಳಗ್ಗೆ ಹೆಚ್ಚು ಹುಳಿ, ಸಂಜೆ ಕಡಮೆ. ಈ ತತ್ತ್ವದ ಮೊದಲ ಸುಳಿವುಗಳಲ್ಲೊಂದು ದೊರೆತದ್ದು ಭಾರತದ ಸಸ್ಯಗಳನ್ನು ಅಭ್ಯಾಸ ಮಾಡಿದವರಿಂದ ಎಂಬುದು ಗಮನಿಸತಕ್ಕ ಅಂಶ. ಬೆಂಗಳೂರಿನ ಲಾಲ್‌ಬಾಗಿನೊಡನೆ ಸಂಬಂಧವಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನೆ, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು ರುಚಿನೋಡಿ ತಿಳಿದು 1813ರಲ್ಲಿ ಪತ್ರಮುಖೇನ ತಿಳಿಸಿದನು. 1815ರಲ್ಲಿ ಅದು ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಕಾಲೇಜುಗಳಲ್ಲಿ ರುಚಿನೋಡುವ ಸಾಹಸ ಬೇಕಾಗಿಲ್ಲ. ಒಂದೇ ಗಿಡದಿಂದ ಬೆಳಗ್ಗೆ ಆರಕ್ಕೂ ಸಂಜೆ ಆರಕ್ಕೂ ಸಮತೂಕದ ತುಂಡುಗಳನ್ನು ತೆಗೆದು ಅರೆದು ಸೋಸಿ, ದುರ್ಬಲವಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ ಅಳೆದರೆ ವ್ಯತ್ಯಾಸವು ಬ್ಯುರೆಟ್ಟಿನಲ್ಲಿಯೇ ಕಾಣುವುದು. ಒಂದು ಕುಂಡದ ಗಿಡದಿಂದ ಇಷ್ಟು ಪಾಠ ಕಲಿಸಬಹುದಾಗಿರುವಾಗ ಇದನ್ನು ಚಿತ್ರದಲ್ಲಿ ಮಾತ್ರ ತೋರಿಸಿ ಮುಗಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಬೇರುಗಳ ವಿಚಾರವೂ ಹೀಗೆಯೇ. ಅವು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲಿ ಅಗಲವಾಗಿ ಹರಡುತ್ತವೆ. ಮಳೆ ಬಿದ್ದೊಡನೆ ಎಳೆಯ ಬೇರುಗಳು ಹುಟ್ಟಿ ನೀರನ್ನು ಹೀರುತ್ತವೆ, ನೆಲ ಒಣಗಿದಾಗ ಉದುರಿಹೋಗುತ್ತವೆ. ಅಂದರೆ ನೆನೆಯುವುದು ಮತ್ತು ಪೂರ್ತಿಯಾಗಿ ಒಣಗುವುದು ಎರಡೂ ಈ ಗಿಡಕ್ಕೆ ಬೇಕು. ಸದಾ ಹಸಿಯಾಗಿರುವ ಮಣ್ಣಿನಲ್ಲಿ ಬೇರಿಗೆ ಗಾಳಿಯಿಲ್ಲದೆ ಬೂಷ್ಟು ಹಿಡಿದು ಬುಡವು ಕಪ್ಪಾಗಿ ಮೆತ್ತಗಾಗುತ್ತದೆ. ಮನೆಗಳಲ್ಲಿ ಸಾಯುವ ಪಾಪಾಸುಕಳ್ಳಿಗಳಲ್ಲಿ ಹೆಚ್ಚಿನವು ಸಾಯುವುದು ಹೀಗೆ, ಮಮತೆಯಿಂದ ದಿನವೂ ಎರೆದ ಒಂದು ಚೊಂಬು ನೀರಿನಿಂದ. ಲೋಳೆಸರವನ್ನು ಬೇರುಸಹಿತ ಕಿತ್ತು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿ, ಅದು ತಿಂಗಳುಗಟ್ಟಲೆ ಹಸುರಾಗಿರುವುದನ್ನು ದಿನವೂ ನೋಡುವ ಮನೆಯವರೇ ಕುಂಡದ ಕಳ್ಳಿಗೆ ನೀರೆರೆಯಲು ಮಾತ್ರ ಮರೆಯುವುದಿಲ್ಲ.

ಮಣ್ಣಿನ ಆಯ್ಕೆಯಲ್ಲಿ ನಮ್ಮ ಮೂರು ತಾಲ್ಲೂಕುಗಳ ಭೇದವು ಮುಖ್ಯವಾಗುತ್ತದೆ. ನಾಲೆಯ ಬಯಲಿನಲ್ಲಿ, ಎಂದರೆ ಮಂಡ್ಯ ಮದ್ದೂರುಗಳ ಗದ್ದೆಯ ಸುತ್ತಮುತ್ತ, ಕೈಗೆ ಸಿಕ್ಕುವ ಮಣ್ಣು ಜೇಡಿಯಿಂದ ಕೂಡಿದ್ದು. ಒಣಗಿದರೆ ಇಟ್ಟಿಗೆ, ನೆನೆದರೆ ಅಂಟು. ಇದನ್ನು ಕುಂಡಕ್ಕೆ ಬಳಸಲೇಬಾರದು. ಕೆಲವೆಡೆ ದೀರ್ಘಕಾಲದ ನೀರಾವರಿಯಿಂದ ಜೌಗು ಹಾಗೂ ಚೌಳು ಸೇರಿಕೊಂಡಿರುವುದೂ ಉಂಟು; ಹಣ್ಣಿಗಾಗಿ ಬೆಳೆಸುವ ಒಪುನ್ಷಿಯ ಫೈಕಸ್-ಇಂಡಿಕವು ಉಪ್ಪನ್ನು ಸಹಿಸುವುದಿಲ್ಲ. ಮಳವಳ್ಳಿಯ ಬೆದ್ದಲಿನ ಗರಸುಮಿಶ್ರಿತ ಕೆಮ್ಮಣ್ಣಾದರೋ ಈ ಗಿಡಕ್ಕೆ ಹೇಳಿ ಮಾಡಿಸಿದಂಥದು. ಅಂಥ ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸಾಕು. ಹೊಳೆಯ ಮರಳು ದುರ್ಲಭವಾಗಿರುವ ಈಗ ಎಂ-ಸ್ಯಾಂಡನ್ನು ಉಪಯೋಗಿಸುವವರು ಅದರ ನುಣ್ಣನೆಯ ಪುಡಿಯನ್ನು ಎರಡು ಮೂರು ಸಲ ತೊಳೆದು ತೆಗೆಯಬೇಕು. ಇಲ್ಲವಾದರೆ ಅದು ಸಿಮೆಂಟಿನಂತೆ ಗಟ್ಟಿಯಾಗುವುದು. ಇಟ್ಟಿಗೆಯ ಚೂರುಗಳೂ ಆಗಬಹುದು. ಕುಂಡವು ಸುಟ್ಟಮಣ್ಣಿನದಾಗಿದ್ದು ತಳದಲ್ಲಿ ತೂತಿರಬೇಕು. ಕುಂಡದ ಅಡಿಗೆ ನಾಲ್ಕು ಅಂಗುಲ ಜಲ್ಲಿ ತುಂಬುವ ರೂಢಿಯು ವ್ಯಾಪಕವಾಗಿದೆ. ಅದರಿಂದ ನೀರು ಬೇಗ ಬಸಿಯುತ್ತದೆಂಬುದು ತಪ್ಪು ತಿಳಿವಳಿಕೆ. ಜಲ್ಲಿಯ ಮೇಲೆ ನಿಂತ ಮಣ್ಣಿನ ಪದರವು ನೀರನ್ನು ಹಿಡಿದೇ ಇರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರನ್ನು ಬೋರಲಿಟ್ಟರೆ ಸಾಕು.

ನೆಡುವುದಕ್ಕೆ ಕಳೆದ ವರ್ಷದ, ಬಲಿತ, ಕಲೆಯಿಲ್ಲದ ಹಾಳೆಯನ್ನು ಆರಿಸಬೇಕು. ತೀರ ಎಳೆಯದು ಕೊಳೆಯುವುದು, ತೀರ ಹಳೆಯದು ನಿಧಾನ. ಹಾಳೆಗಳ ನಡುವಣ ಕಿರಿದಾದ ಕೀಲಿನಲ್ಲಿ ಹರಿತವಾದ ಚೂರಿಯಿಂದ ಕತ್ತರಿಸಿ, ಗಾಯಕ್ಕೆ ಒಲೆಯ ಬೂದಿಯನ್ನು ಹಚ್ಚಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಹತ್ತು ಹದಿನೈದು ದಿನ ಹಾಗೆಯೇ ಇಡಬೇಕು. ಗಾಯದ ಮೇಲೆ ಒಣಗಿದ ತೊಗಟೆಯಂಥ ಪೊರೆ ಕಟ್ಟುವ ತನಕ ನೆಡಕೂಡದು. ಅವಸರಪಡುವವರು ತಪ್ಪುವುದು ಇಲ್ಲಿಯೇ. ಬಳಿಕ ಹಾಳೆಯ ಮೂರನೆಯ ಒಂದು ಭಾಗವು ಮಣ್ಣಿನೊಳಗಿರುವಂತೆ ನೆಟ್ಟಗೆ ನಿಲ್ಲಿಸಿ, ಬೀಳದಂತೆ ಎರಡು ಕಲ್ಲನ್ನು ಒತ್ತಿಡಬೇಕು. ಎರಡು ಮೂರು ವಾರಗಳ ಕಾಲ ನೀರು ಬೇಡ. ಮೆಲ್ಲಗೆ ಅಲುಗಿಸಿದಾಗ ಹಿಡಿತ ಕಂಡರೆ ಬೇರು ಬಂದಿದೆಯೆಂದು ತಿಳಿದು ಮೊದಲ ನೀರನ್ನು ಕೊಡಬಹುದು. ನಮ್ಮ ಸೀಮೆಯಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲವು ಇದಕ್ಕೆ ಪ್ರಶಸ್ತ. ಗಾಳಿ ಒಣಗಿರುತ್ತದೆ, ನೆಲ ಬೆಚ್ಚಗಿರುತ್ತದೆ, ಭರಣಿ ಮಳೆಯ ಹೊತ್ತಿಗೆ ಬೇರು ನೆಲೆಗೊಂಡಿರುತ್ತದೆ.

ನೀರೆರೆಯುವ ಕ್ರಮವನ್ನು ದಿನಗಳ ಲೆಕ್ಕದಿಂದ ಹೇಳುವುದಕ್ಕಿಂತ ಮಳೆಯ ಲೆಕ್ಕದಿಂದ ಹೇಳುವುದು ಮೇಲು. ಬೇಸಗೆಯಲ್ಲಿ ಎರಡು ಅಂಗುಲ ಆಳದವರೆಗೆ ಕಡ್ಡಿ ಚುಚ್ಚಿ ನೋಡಿ, ಅದು ಪೂರ್ತಿಯಾಗಿ ಒಣಗಿ ಬಂದರೆ ತಳದಿಂದ ಹರಿಯುವಷ್ಟು ನೀರು ಕೊಟ್ಟು, ಮತ್ತೆ ಒಣಗುವ ತನಕ ಸುಮ್ಮನಿರಬೇಕು. ಹತ್ತು ಹನ್ನೆರಡು ದಿನಕ್ಕೊಮ್ಮೆ ಆದೀತು. ಮುಂಗಾರಿನಲ್ಲಿ ಬೀಳುವ ಮಳೆಯೇ ಸಾಕು. ಉತ್ತರೆಯಿಂದ ಸ್ವಾತಿಯವರೆಗಿನ ಮಳೆಗಳು ನಿಜವಾದ ಪರೀಕ್ಷೆಯ ಕಾಲ. ಆಗ ಕುಂಡವನ್ನು ಬೆಳಕಿರುವ ಸೂರಿನ ಕೆಳಕ್ಕೆ ಸರಿಸುವುದು, ಕೆಳಗಿಟ್ಟ ತಟ್ಟೆಯನ್ನು ತೆಗೆದುಹಾಕುವುದು, ಎರಡು ಇಟ್ಟಿಗೆಯ ಮೇಲೆ ಕುಂಡವನ್ನು ಎತ್ತರಿಸುವುದು ಇವಿಷ್ಟನ್ನು ಮಾಡಿದವರ ಗಿಡ ಉಳಿಯುತ್ತದೆ. ಹಾಳೆಯು ತುಸು ಸುಕ್ಕಾದರೆ ಹೆದರಬೇಕಾಗಿಲ್ಲ; ಅದು ಬಾಯಾರಿಕೆ, ಒಂದು ನೀರಿಗೆ ತುಂಬಿಕೊಳ್ಳುವುದು. ಬುಡ ಮೆತ್ತಗಾದರೆ ನೀರು ಕಾರಣ. ಆಗ ಕಾಯದೆ, ಕೊಳೆತ ಭಾಗದ ಮೇಲಿನ ಆರೋಗ್ಯವಾದ ಹಾಳೆಯನ್ನು ಕತ್ತರಿಸಿ ಒಣಗಿಸಿ ಹೊಸದಾಗಿ ನೆಡುವುದೊಂದೇ ದಾರಿ. ದಿನಕ್ಕೆ ಐದಾರು ಗಂಟೆಯಾದರೂ ನೇರವಾದ ಬಿಸಿಲು ಬೇಕು. ಕತ್ತಲೆಯ ಪಡಸಾಲೆಯಲ್ಲಿಟ್ಟರೆ ಹೊಸ ಹಾಳೆಗಳು ಅಗಲವಾಗದೆ ಬೆರಳಿನಂತೆ ಉದ್ದವಾಗಿ ಬಿಳಿಚಿಕೊಂಡು ಹೊರಡುತ್ತವೆ. ಗೊಬ್ಬರವು ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಒಂದು ಹಿಡಿ. ಅದಕ್ಕಿಂತ ಹೆಚ್ಚು ಹಾಕಿದರೆ ಗಿಡ ಮೆದುವಾಗಿ ರೋಗಕ್ಕೆ ಎಡೆಯಾಗುತ್ತದೆ.

ಮುಳ್ಳಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕಣ್ಣಿಗೆ ಕಾಣುವ ದೊಡ್ಡ ಮುಳ್ಳಿಗಿಂತ ಗಂಟುಗಳಲ್ಲಿ ಜೊಂಪೆಯಾಗಿರುವ, ಜೋಳದ ಸುಂಕಿನಂಥ ಕಿರುಮುಳ್ಳುಗಳೇ ಹೆಚ್ಚು ತೊಂದರೆ ಕೊಡುವುವು. ಅವುಗಳಿಗೆ ಹಿಮ್ಮುಖವಾದ ಸೂಕ್ಷ್ಮ ಕೊಕ್ಕೆಗಳಿರುವುದರಿಂದ ಒರೆಸಿದಷ್ಟೂ ಒಳಕ್ಕಿಳಿಯುತ್ತವೆ. ಒಪುನ್ಷಿಯ ಮೈಕ್ರೊಡೇಸಿಸ್ ಎಂಬ ಅಲಂಕಾರದ ಜಾತಿಯು ಮೊಲದ ಕಿವಿಯಂತೆ ಮುದ್ದಾಗಿ, ಮುಳ್ಳೇ ಇಲ್ಲವೆಂಬಂತೆ ಕಾಣುವುದು; ಮಕ್ಕಳಿರುವ ಮನೆಗೆ ಅದರಷ್ಟು ಅಯೋಗ್ಯವಾದುದು ಇನ್ನೊಂದಿಲ್ಲ. ಹಾಳೆಯನ್ನು ಹಿಡಿಯಲು ಇಕ್ಕಳವನ್ನಾಗಲಿ ನಾಲ್ಕು ಮಡಿಕೆಯ ಹಳೆಯ ವೃತ್ತಪತ್ರಿಕೆಯನ್ನಾಗಲಿ ಉಪಯೋಗಿಸಬೇಕು. ಚರ್ಮಕ್ಕೆ ಚುಚ್ಚಿದ್ದನ್ನು ಮೊದಲು ಚಿಮಟದಿಂದ ತೆಗೆದು, ಉಳಿದುದಕ್ಕೆ ಗೋಂದು ಹಚ್ಚಿ ತೆಳುವಾದ ಬಟ್ಟೆಯನ್ನು ಅಂಟಿಸಿ, ಒಣಗಿದ ಮೇಲೆ ಸುಲಿದರೆ ಬಹುಪಾಲು ಬರುತ್ತದೆ. ಹಲ್ಲಿನಿಂದ ಕೀಳುವುದು ಅಪಾಯಕರ. ಹಣ್ಣನ್ನು ತಿನ್ನುವವರೂ ಸಿಪ್ಪೆಯ ಮೇಲಿನ ಈ ಸುಂಕನ್ನು ಪೂರ್ತಿಯಾಗಿ ತೆಗೆಯಬೇಕು.

ಇನ್ನು ಕೀಟ. ಗಿಡದ ಮೇಲೆ, ಅದರಲ್ಲಿಯೂ ಹಾಳೆಗಳ ಕೀಲಿನಲ್ಲಿ ಮತ್ತು ಮುಳ್ಳಿನ ಬುಡದಲ್ಲಿ, ಹತ್ತಿಯ ತುಣುಕಿನಂಥ ಬಿಳಿಯ ಗುಡ್ಡೆಗಳು ಕಂಡರೆ ಅವನ್ನು ಕಡ್ಡಿಯಿಂದ ಅದುಮಿ ನೋಡಬೇಕು. ರಕ್ತದಂಥ ಕೆಂಪು ಬಂದರೆ ಅದು ಬೇರಾವುದೂ ಅಲ್ಲ, ಮೇಲೆ ಹೇಳಿದ ಡ್ಯಾಕ್ಟಿಲೋಪಿಯಸ್. ಹೊಲದ ಬದುವಿನ ಕಾಡುಗಳ್ಳಿಯ ಮೇಲೆ ಅದನ್ನು ಕಂಡರೆ ಹಾಗೆಯೇ ಬಿಡುವುದು ಒಳಿತು. ಅಲ್ಲಿ ಅದು ನಮ್ಮ ಕೆಲಸವನ್ನು ತಾನು ಮಾಡುತ್ತಿದೆ. ಕುಂಡದಲ್ಲಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಾಬೂನಿನ ನೀರು ಹಚ್ಚಿ ಉಜ್ಜಿ, ರಭಸದಿಂದ ನೀರು ಹಾಯಿಸಿ ತೊಳೆಯಬೇಕು. ಬಿಳಿಯ ಮೇಣವು ಔಷಧವನ್ನು ತಡೆಯುವುದರಿಂದ ಬರಿದೆ ಸಿಂಪಡಿಸಿದರೆ ಫಲವಿಲ್ಲ. ವಾರಕ್ಕೊಮ್ಮೆ ಒಂದೆರಡು ತಿಂಗಳು ಬಿಡದೆ ಮಾಡತಕ್ಕ ಕೆಲಸವಿದು. ಹೆಚ್ಚಾಗಿ ಮುತ್ತಿದ ಹಾಳೆಯನ್ನು ಕತ್ತರಿಸಿ ಸುಡುವುದು ಲೇಸು.

ಕೀಟದ ಈ ಮಾತು ಮನೆಯ ಕುಂಡಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮುಳ್ಳಿಲ್ಲದ ಪಾಪಾಸುಕಳ್ಳಿಯನ್ನು ಒಣಭೂಮಿಯ ಮೇವಿನ ಬೆಳೆಯಾಗಿ ಬೆಳೆಸಬೇಕೆಂದು ಕೇಂದ್ರ ಸರ್ಕಾರವು ಈಚೆಗೆ ಪ್ರೋತ್ಸಾಹ ಕೊಡುತ್ತಿದೆ. ಅಮೆರಿಕದ ಲೂಥರ್ ಬರ್ಬ್ಯಾಂಕ್ 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಇಂಥ ತಳಿಗಳನ್ನು ಪ್ರಚಾರಕ್ಕೆ ತಂದಿದ್ದನು. ಹಾಳೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದ ಬೇಸಗೆಯಲ್ಲಿ ಅದು ದನಕ್ಕೆ ಮೇವೂ ಹೌದು, ನೀರೂ ಹೌದು. ಆದರೆ ಸಸಾರಜನಕವು ಕಡಮೆಯಾದುದರಿಂದ ಹುಲ್ಲು ಹಾಗೂ ಹಿಂಡಿಯೊಡನೆ ಬೆರೆಸಿ ಕೊಡಬೇಕೇ ಹೊರತು ಅದೊಂದನ್ನೇ ಕೊಡಕೂಡದು. ಮಳವಳ್ಳಿಯ ಬೆದ್ದಲು ರೈತರು ಇದರತ್ತ ಆಸಕ್ತಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಮೊರಾಕೊ ದೇಶದಲ್ಲಿ 2014ರಲ್ಲಿ ಕಾಣಿಸಿಕೊಂಡು ಹಣ್ಣಿನ ಕಳ್ಳಿಯ ವಿಶಾಲವಾದ ತೋಟಗಳನ್ನು ಹಾಳುಮಾಡಿದ ಕೀಟವು 1926ರಲ್ಲಿ ನಾವೇ ಕರೆತಂದ ಡ್ಯಾಕ್ಟಿಲೋಪಿಯಸ್ ಒಪುನ್ಷಿಯೆಯೇ. ನಮ್ಮಲ್ಲಿ ಅದು ಶತಮಾನದಿಂದ ನೆಲೆಸಿದೆ. ಹೀಗಿರಲಾಗಿ ಎಕರೆಗಟ್ಟಲೆ ನೆಡುವ ಮುನ್ನ ಒಂದು ಸಾಲನ್ನು ನೆಟ್ಟು ಎರಡು ಬೇಸಗೆ ಕಾದುನೋಡುವುದು ವಿವೇಕ. ಮತ್ತೊಂದು ಅಂಶ: ಮುಳ್ಳಿಲ್ಲದ ತಳಿಯ ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಮುಳ್ಳು ಮರಳಿ ಬರುವುದುಂಟು. ಹಾಳೆಯಿಂದ ಬೆಳೆದದ್ದು ತಾಯಿಯಂತಿರುತ್ತದೆ. ಹಕ್ಕಿ ಒಯ್ದ ಬೀಜದಿಂದ ಬೆಳೆದದ್ದು ಹಾಗಿರುತ್ತದೆಂಬ ಭರವಸೆಯಿಲ್ಲ.

ಆದ್ದರಿಂದಲೇ ಮನೆಯಲ್ಲಿ ಗಿಡ ಬೆಳೆಸುವವರು ಸವರಿದ ಹಾಳೆಗಳನ್ನು ಏನು ಮಾಡುತ್ತಾರೆಂಬುದು, ಅವರು ಗಿಡವನ್ನು ಹೇಗೆ ಬೆಳೆಸುತ್ತಾರೆಂಬುದಕ್ಕಿಂತ ಕಡಮೆ ಮಹತ್ತ್ವದ್ದಲ್ಲ. ತಿಪ್ಪೆಗೆ ಎಸೆದರೆ ತಿಪ್ಪೆಯ ಗೊಬ್ಬರದೊಡನೆ ಹೊಲಕ್ಕೆ ಹೋಗಿ ಬೇರುಬಿಡುವುದು. ನಾಲೆಗೋ ಕೆರೆಗೋ ಎಸೆದರೆ ನೀರು ಅದನ್ನು ಇನ್ನೊಂದು ಊರಿನ ಏರಿಗೆ ತಲಪಿಸುವುದು. ಹಸಿಯ ಹಾಳೆಯನ್ನು ಸುಡುವುದು ಕಷ್ಟ. ತಾರಸಿಯ ಕಾದ ನೆಲದ ಮೇಲೆ, ಮಣ್ಣು ತಾಗದಂತೆ, ಸೀಳಿ ಹರಡಿದರೆ ಬೇಸಗೆಯಲ್ಲಿ ಮೂರು ನಾಲ್ಕು ವಾರಗಳಲ್ಲಿ ಕಾಗದದಂತೆ ಒಣಗುವುದು. ಆಮೇಲೆ ಒಲೆಗೆ ಹಾಕಬಹುದು. ಮಳೆಗಾಲದಲ್ಲಿ ಇದು ಸಾಧ್ಯವಾಗದಿದ್ದರೆ ಮೂರು ಅಡಿ ಆಳದ ಗುಂಡಿಯಲ್ಲಿ ಚೂರುಮಾಡಿ ಹೂತು ಮೇಲೆ ಮಣ್ಣನ್ನು ತುಳಿದು ಗಟ್ಟಿಮಾಡಬೇಕು. ಕುಂಡದ ಗಿಡದಲ್ಲಿ ಹಣ್ಣಾದರೆ ಹಕ್ಕಿಗಳಿಗೆ ಮೊದಲು ನಾವು ಕೊಯ್ದುಕೊಳ್ಳುವುದು ಉತ್ತಮ; ಬೇಡವಾದ ಹಣ್ಣನ್ನೂ ಹಾಳೆಯ ಜೊತೆಯಲ್ಲಿಯೇ ಒಣಗಿಸಿ ಸುಡತಕ್ಕದ್ದು.